ಕ್ರೀಡಾಕೂಟದ ಫೋಟೋ ಪ್ರಿಂಟ್ ಮಾರಲು ಯಾವ ಸೇವೆ? ನಾನು ಆರಿಸಿದ ರೀತಿ

ಎರಡು ತಿಂಗಳು ಹುಡುಕಾಡಿ ಕೊನೆಗೂ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಶಾಲೆಯ ಕ್ರೀಡಾಕೂಟ, ವಾರ್ಷಿಕೋತ್ಸವ, ರಂಗಪ್ರವೇಶ, ಊರಿನ ಓಟದ ಸ್ಪರ್ಧೆ, ಇಂಥ ಕಡೆ ತೆಗೆದ ಫೋಟೋಗಳ ಪ್ರಿಂಟ್ ಅನ್ನು ಆನ್‌ಲೈನಲ್ಲಿ ಮಾರಲು ಯಾವ ಸೇವೆ ಹಿಡಿಯಬೇಕು ಅನ್ನುವ ತೀರ್ಮಾನ. ನನ್ನ ಹಾಗೆ ಸ್ಟುಡಿಯೋ ಇಟ್ಟುಕೊಂಡ ಮೂರ್ನಾಲ್ಕು ಗೆಳೆಯರು ಇದನ್ನೇ ಕೇಳುತ್ತಿದ್ದರು. ಒಬ್ಬೊಬ್ಬರಿಗೂ ಫೋನಲ್ಲಿ ಅರ್ಧ ಗಂಟೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಮೊದಲು ನನ್ನ ಕೆಲಸ ಹೇಗಿದೆ ಅಂತ ಹೇಳಬೇಕು. ನಾನು ಶಿವಮೊಗ್ಗದವನು. ಮದುವೆ ಫೋಟೋ ತೆಗೆಯುತ್ತೇನೆ, ಆದರೆ ಮನಸ್ಸು ಇರುವುದು ಮೈದಾನದಲ್ಲಿ ಮತ್ತು ರಂಗದ ಮುಂದೆ. ನೆಹರೂ ಕ್ರೀಡಾಂಗಣದಲ್ಲಿ ಯಾವುದೋ ಶಾಲೆಯ ಹುಡುಗಿ ಉದ್ದ ಜಿಗಿತದಲ್ಲಿ ಗಾಳಿಯಲ್ಲಿ ಇರುವ ಆ ಅರ್ಧ ಸೆಕೆಂಡು, ಕುವೆಂಪು ರಂಗಮಂದಿರದಲ್ಲಿ ತಿಲ್ಲಾನ ಮುಗಿಯುವಾಗ ನರ್ತಕಿಯ ಮುಖದ ಮೇಲಿನ ಬೆವರು, ಇವೆಲ್ಲ ಫೋನಲ್ಲಿ ಒಂದು ದಿನ ಕಂಡು ಮರೆಯಾಗುವ ಚಿತ್ರಗಳಲ್ಲ. ಇವು ಗೋಡೆ ಮೇಲೆ ಇರಬೇಕು. ಅದಕ್ಕೇ ಫೈಲ್ ಮಾರುವುದಕ್ಕಿಂತ ಪ್ರಿಂಟ್ ಮಾರುವುದೇ ನನಗೆ ಮುಖ್ಯ.

ಅಪ್ಪನ ಕಾಲದಲ್ಲಿ ಇದಕ್ಕೊಂದು ಪದ್ಧತಿ ಇತ್ತು. ರೀಲು ತೊಳೆದು, ಎಲ್ಲ ಚಿತ್ರ ಸಣ್ಣದಾಗಿ ಒಂದೇ ಹಾಳೆಯಲ್ಲಿ ಬರುವ ಕಾಂಟ್ಯಾಕ್ಟ್ ಶೀಟ್ ಹಾಕಿ, ಪ್ರತಿ ಚಿತ್ರದ ಕೆಳಗೆ ನಂಬರ್ ಬರೆದು, ಶಾಲೆಯ ನೋಟಿಸ್ ಬೋರ್ಡಿನ ಗಾಜಿನ ಒಳಗೆ ಹಾಕಿ ಬೀಗ ಹಾಕಿಸುತ್ತಿದ್ದರು. ಮಕ್ಕಳು ನಿಂತು ನೋಡಿ, ಚೀಟಿಯಲ್ಲಿ ನಂಬರ್, ಹೆಸರು, ತರಗತಿ ಬರೆದು, ದುಡ್ಡಿನ ಜೊತೆ ಕ್ಲಾಸ್ ಟೀಚರ್ ಕೈಗೆ ಕೊಡುತ್ತಿದ್ದರು. ಹತ್ತು ದಿನದಲ್ಲಿ ಪ್ರಿಂಟ್ ಕವರಿನಲ್ಲಿ ಬರುತ್ತಿತ್ತು. ಈಗ ಯೋಚಿಸಿದರೆ, ನಾನು ಆನ್‌ಲೈನಲ್ಲಿ ಹುಡುಕಿದ್ದೂ ಇದನ್ನೇ. ತನ್ನ ಚಿತ್ರ ಬೇಗ ಸಿಗಬೇಕು, ನಂಬರ್ ತಪ್ಪಬಾರದು, ದುಡ್ಡು ಕೊಡುವುದು ಸುಲಭ ಆಗಬೇಕು, ಪ್ರಿಂಟ್ ಹೇಳಿದ ದಿನ ಕೈಗೆ ಬರಬೇಕು. ಬೇರೆಲ್ಲ ಆಮೇಲಿನ ಮಾತು.

ಡಿಜಿಟಲ್ ಬಂದಮೇಲೆ ನಾನು ಮಾಡುತ್ತಿದ್ದದ್ದು ಗೂಗಲ್ ಡ್ರೈವ್ ಲಿಂಕ್ ಮತ್ತು ವಾಟ್ಸಾಪ್. ಲಿಂಕ್ ಕಳಿಸುವುದು, ಪೋಷಕರು ಫೈಲ್ ನಂಬರ್ ಕಳಿಸುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಐವತ್ತು ಆರ್ಡರ್ ತನಕ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ತಪ್ಪು ಶುರು. ಒಂದು ಸಲ ಎರಡು ಕ್ಯಾಮೆರಾದಲ್ಲಿ ತೆಗೆದಿದ್ದೆ, ಎರಡರಲ್ಲೂ 4471 ಅನ್ನುವ ನಂಬರಿನ ಫೋಟೋ ಇತ್ತು. ಒಂದರಲ್ಲಿ ರಿಲೇ ಓಡುವ ಹುಡುಗ, ಇನ್ನೊಂದರಲ್ಲಿ ಬಹುಮಾನ ತಗೊಳ್ಳುವ ಬೇರೆ ಹುಡುಗ. ತಪ್ಪು ಮಗುವಿನ ಫೋಟೋ 8×12 ಇಂಚಿನ ಪ್ರಿಂಟ್ ಆಗಿ, ಲ್ಯಾಮಿನೇಟ್ ಆಗಿ, ಆ ಮನೆಗೆ ಹೋಯಿತು. ಆ ತಾಯಿ ಬೈಯಲಿಲ್ಲ. 'ಪರವಾಗಿಲ್ಲ ಬಿಡಿ, ಆದರೆ ನಮ್ಮ ಹುಡುಗ ತುಂಬಾ ಕಾಯ್ತಾ ಇದ್ದ' ಅಂದರು. ಅದು ಬೈಗುಳಕ್ಕಿಂತ ಜಾಸ್ತಿ ನಾಟಿತು. ಕ್ಯಾಮೆರಾದ ನಂಬರ್ 9999 ದಾಟಿದಮೇಲೆ ಮತ್ತೆ ಮೊದಲಿಂದ ಶುರುವಾಗುತ್ತದೆ, ಎರಡು ಕ್ಯಾಮೆರಾ ಇದ್ದರೆ ನಂಬರ್ ಡಿಕ್ಕಿ ಹೊಡೆಯುವುದು ಖಂಡಿತ. ಈಗ ಎರಡನೇ ಕ್ಯಾಮೆರಾದಲ್ಲಿ ಫೈಲ್ ಹೆಸರಿನ ಮೊದಲ ಮೂರು ಅಕ್ಷರ ಬದಲಿಸಿಟ್ಟಿದ್ದೇನೆ, ಎರಡೂ ಕ್ಯಾಮೆರಾದ ಗಡಿಯಾರ ಬೆಳಿಗ್ಗೆಯೇ ಸರಿಹೊಂದಿಸುತ್ತೇನೆ. ನೀವು ಯಾವ ಸೇವೆ ತಗೊಂಡರೂ ಈ ಎರಡು ಕೆಲಸ ಮೊದಲು ಮಾಡಿ.

ಹುಡುಕಾಟ ಶುರು ಮಾಡಿದ್ದು ಎಲ್ಲರ ಹಾಗೆ ದೊಡ್ಡ ಹೆಸರುಗಳಿಂದ. ಸ್ಮಗ್‌ಮಗ್, ಪಿಕ್ಸಿಸೆಟ್, ಶೂಟ್‌ಪ್ರೂಫ್, ಝೆನ್‌ಫೋಲಿಯೋ. ಸ್ಮಗ್‌ಮಗ್ 2002ರಿಂದ ಇದೆ, 2018ರಲ್ಲಿ ಫೋಟೋ ಹಂಚಿಕೊಳ್ಳುವ ತಾಣ ಫ್ಲಿಕರ್ ಅನ್ನೇ ಕೊಂಡುಕೊಂಡಿತು. ಇವೆಲ್ಲದರ ಲೆಕ್ಕ ಹೆಚ್ಚುಕಮ್ಮಿ ಒಂದೇ. ನಾವು ಗ್ಯಾಲರಿ ಹಾಕುತ್ತೇವೆ, ಬೆಲೆ ಪಟ್ಟಿ ಇಡುತ್ತೇವೆ, ನೋಡುವವರು ಫೋಟೋ ಆರಿಸಿ ಕಾರ್ಟಿಗೆ ಹಾಕಿ ದುಡ್ಡು ಕೊಡುತ್ತಾರೆ. ಆರ್ಡರ್ ಸೀದಾ ಅವರ ಜೊತೆಗಿನ ಲ್ಯಾಬಿಗೆ ಹೋಗುತ್ತದೆ, ಲ್ಯಾಬ್ ಪ್ರಿಂಟ್ ಮಾಡಿ ಕೊಂಡವರ ಮನೆಗೆ ಕಳಿಸುತ್ತದೆ. ನಾವು ಏನೂ ಮುಟ್ಟಬೇಕಿಲ್ಲ. ಲ್ಯಾಬಿನ ಖರ್ಚಿನ ಮೇಲೆ ನಾವು ಇಟ್ಟ ಲಾಭ ನಮಗೆ ಬರುತ್ತದೆ. ಕೆಲವರು ಆ ಲಾಭದಲ್ಲಿ ಪಾಲು ತಗೊಳ್ಳುತ್ತಾರೆ, ನಾನು ನೋಡಿದಾಗ ಸ್ಮಗ್‌ಮಗ್ ಶೇಕಡ 15 ಇಟ್ಟುಕೊಳ್ಳುತ್ತಿತ್ತು. ಪಿಕ್ಸಿಸೆಟ್‌ನ ಉಚಿತ ಯೋಜನೆಯಲ್ಲಿ ಮಾರಾಟದ ಮೇಲೆ ಶೇಕಡ 15, ದುಡ್ಡು ಕೊಟ್ಟ ಯೋಜನೆಯಲ್ಲಿ ಕಮಿಷನ್ ಇಲ್ಲ.

ಕಮಿಷನ್ ಇರುವುದೋ, ವರ್ಷದ ಶುಲ್ಕ ಇರುವುದೋ ಅನ್ನುವ ಪ್ರಶ್ನೆಗೆ ಒಂದು ಸಣ್ಣ ಲೆಕ್ಕ ಸಾಕು. ವರ್ಷಕ್ಕೆ 12,000 ರೂಪಾಯಿ ಶುಲ್ಕ ಅಂದುಕೊಳ್ಳಿ. ಶೇಕಡ 15 ಕಮಿಷನ್ ಅಷ್ಟೇ ಆಗಬೇಕಾದರೆ ವರ್ಷಕ್ಕೆ 80,000 ರೂಪಾಯಿ ವ್ಯಾಪಾರ ಆಗಬೇಕು. ಅದಕ್ಕಿಂತ ಕಡಿಮೆ ಮಾರುವವರು ಕಮಿಷನ್ ಕೊಡುವುದೇ ಮೇಲು. ಜಾಸ್ತಿ ಮಾರುವವರು ಶುಲ್ಕ ಕೊಡಲಿ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ. ನಾನು ಮಾತ್ರ ಸುಮ್ನೆ ಮೂರು ದಿನ ಈ ಲೆಕ್ಕದಲ್ಲೇ ಕಳೆದೆ, ನಿಜವಾದ ತೊಡಕು ಬೇರೆ ಕಡೆ ಇತ್ತು.

ಮೊದಲನೆಯದು ದುಡ್ಡು ಬರುವ ದಾರಿ. ಹೊರದೇಶದ ಈ ಸೇವೆಗಳಲ್ಲಿ ಹಣ ನಮ್ಮ ಖಾತೆಗೆ ಬರಬೇಕಾದರೆ ಹೆಚ್ಚಾಗಿ ಸ್ಟ್ರೈಪ್ ಇಲ್ಲವೇ ಪೇಪಾಲ್ ಅನ್ನುವ ಪಾವತಿ ಸೇವೆ ಜೋಡಿಸಬೇಕು. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದ ಒಳಗಿನ ಪಾವತಿಯನ್ನೇ ನಿಲ್ಲಿಸಿದೆ, ಹೊರದೇಶದಿಂದ ಬರುವ ದುಡ್ಡಿಗೆ ಮಾತ್ರ ಇದೆ. ಸ್ಟ್ರೈಪ್ 2024ರಿಂದ ಇಲ್ಲಿ ಆಹ್ವಾನ ಬಂದವರಿಗಷ್ಟೇ ಹೊಸ ಖಾತೆ ಕೊಡುತ್ತಿದೆ. ಅಂದರೆ ಭದ್ರಾವತಿಯ ಒಬ್ಬ ತಂದೆ ಶಿವಮೊಗ್ಗದ ನನಗೆ 250 ರೂಪಾಯಿ ಕೊಡಬೇಕಾದರೆ ಈ ಎರಡೂ ದಾರಿ ಮುಚ್ಚಿದ ಹಾಗೇ. ಆ ತಂದೆಯ ಫೋನಿನಲ್ಲಿ ಯುಪಿಐ ಇದೆ. ತರಕಾರಿಗೂ ಅದೇ, ಆಟೋಗೂ ಅದೇ. 250 ರೂಪಾಯಿಯ ಪ್ರಿಂಟಿಗೆ ಕಾರ್ಡ್ ಹುಡುಕಿ, ಹದಿನಾರು ಅಂಕಿ ಒತ್ತಿ, ಡಾಲರ್ ಲೆಕ್ಕದ ಬಿಲ್ಲು ನೋಡಿ ಅವರು ಕೊಳ್ಳುತ್ತಾರಾ? ಖಂಡಿತ ಇಲ್ಲ.

ನಾವು ಕೊಡುವ ಚಂದಾಕ್ಕೂ ಇದೇ ಥರದ ತೊಂದರೆ ಇದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಾರ್ಡಿನಿಂದ ತಾನಾಗಿಯೇ ಕಟ್ ಆಗುವ ಹಣಕ್ಕೆ ಮುಂಚೆಯೇ ಒಪ್ಪಿಗೆ ದಾಖಲು ಮಾಡಿರಬೇಕು. ಮೊದಲು 5,000 ರೂಪಾಯಿ ಮಿತಿ ಇತ್ತು, 2022ರಲ್ಲಿ 15,000ಕ್ಕೆ ಏರಿಸಿದರು, ಅದಕ್ಕೂ ಜಾಸ್ತಿ ಆದರೆ ಪ್ರತಿ ಸಲ ಒಟಿಪಿ. ನಿಯಮ ಒಳ್ಳೆಯದೇ, ಗೊತ್ತಿಲ್ಲದೆ ಹಣ ಹೋಗುವುದು ತಪ್ಪುತ್ತದೆ. ಆದರೆ ನಿಯಮ ಬಂದ ವರ್ಷದ ಕೊನೆಯಲ್ಲಿ ನಾನು ಮದುವೆ ಗ್ಯಾಲರಿಗಳನ್ನು ಇಟ್ಟಿದ್ದ ಒಂದು ಹೊರದೇಶದ ಸೇವೆಯ ಚಂದಾ ಕಟ್ ಆಗಲಿಲ್ಲ, ಅವರ ಕಡೆಯಿಂದ ಒಂದು ಇಮೇಲ್ ಬಂದಿತ್ತಂತೆ, ನಾನು ಮಂಟಪದಲ್ಲಿ ಇದ್ದೆ, ನೋಡಲಿಲ್ಲ, ನಾಲ್ಕನೇ ದಿನ ಎರಡು ಮದುವೆ ಮನೆಯವರ ಗ್ಯಾಲರಿ ಮುಚ್ಚಿಹೋಯಿತು. ಮದುಮಗಳ ಅಕ್ಕ ಫೋನ್ ಮಾಡಿ 'ಫೋಟೋ ಎಲ್ಲ ಹೋಯ್ತಾ?' ಅಂತ ಗಾಬರಿಯಿಂದ ಕೇಳಿದರು. ಫೋಟೋ ನನ್ನ ಹಾರ್ಡ್ ಡಿಸ್ಕಿನಲ್ಲಿ ಸುರಕ್ಷಿತ ಇದ್ದವು, ಆದರೆ ಆ ಧ್ವನಿ ಇನ್ನೂ ಕಿವಿಯಲ್ಲಿ ಇದೆ. ಅದಾದ ಮೇಲೆ ಚಂದಾ ಮುಗಿಯುವ ದಿನಾಂಕ ಸ್ಟುಡಿಯೋದ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡುತ್ತೇನೆ.

ಎರಡನೆಯ ತೊಡಕು ಸೈಜು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಬೆಲೆ, ಕಮಿಷನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಇದರ ಬಗ್ಗೆ ಯಾರೂ ಹೇಳುವುದಿಲ್ಲ.

ನಮ್ಮ ಕ್ಯಾಮೆರಾ ಕೊಡುವ ಚಿತ್ರ 3:2 ಅಳತೆಯದು, ಅಂದರೆ ಉದ್ದ ಮೂರು ಪಾಲು, ಅಗಲ ಎರಡು ಪಾಲು. 4×6, 8×12, 12×18 ಈ ಅಳತೆಗೆ ಸರಿಯಾಗಿ ಕೂರುತ್ತವೆ, ಏನೂ ಕತ್ತರಿಸಬೇಕಿಲ್ಲ. ನಮ್ಮ ಲ್ಯಾಬುಗಳು ಪ್ರಿಂಟ್ ಮಾಡುವುದೂ ಇವನ್ನೇ, ಗಾಂಧಿ ಬಜಾರಿನ ಫ್ರೇಮ್ ಅಂಗಡಿಯಲ್ಲಿ ಸಿದ್ಧ ಸಿಗುವ ಫ್ರೇಮುಗಳೂ ಇವೇ. ಅಮೆರಿಕದ ಬೆಲೆ ಪಟ್ಟಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು 5×7, 8×10, 11×14, 16×20. ಅಲ್ಲಿನ ಗೋಡೆಗೆ, ಅಲ್ಲಿನ ಫ್ರೇಮಿಗೆ ಅದು ಸರಿ. ಆದರೆ 3:2 ಚಿತ್ರವನ್ನು 8×10ಕ್ಕೆ ಕೂರಿಸಬೇಕಾದರೆ ಉದ್ದದಲ್ಲಿ ಹನ್ನೆರಡು ಇಂಚಿಗೆ ಎರಡು ಇಂಚು ಹೋಗುತ್ತದೆ. ಆರರಲ್ಲಿ ಒಂದು ಭಾಗ. ಮುಖದ ಫೋಟೋ ಆದರೆ ನಡೆಯುತ್ತದೆ. ಭರತನಾಟ್ಯದ ಫೋಟೋ ಆದರೆ ಹೇಗೆ ನಡೆಯುತ್ತದೆ?

ಒಂದು ರಂಗಪ್ರವೇಶದ ಗ್ಯಾಲರಿಯಲ್ಲಿ ಪರೀಕ್ಷೆಗೆ ಅಂತ ನಾನೇ ಒಂದು 8×10 ಆರ್ಡರ್ ಮಾಡಿದೆ. ನರ್ತಕಿ ಅರೆಮಂಡಿಯಲ್ಲಿ ಕೂತು ನಾಟ್ಯಾರಂಭಕ್ಕೆ ಎರಡೂ ಕೈ ಅಗಲಕ್ಕೆ ಚಾಚಿದ ಚಿತ್ರ. ನಾನು ಅದನ್ನು ಅಡ್ಡಕ್ಕೆ, ಬೆರಳ ತುದಿಯಿಂದ ಬೆರಳ ತುದಿಯವರೆಗೆ ತುಂಬಿಸಿ ತೆಗೆದಿದ್ದೆ. ಆ ಸೇವೆ ನಡುವಿನ ಭಾಗ ಉಳಿಸಿ ಎರಡೂ ಪಕ್ಕ ಒಂದೊಂದು ಇಂಚು ತೆಗೆಯಿತು. ಎರಡೂ ಕೈಯ ಬೆರಳು ಹೋದವು. ಹತ್ತು ವರ್ಷ ಕಲಿತ ಹುಡುಗಿಯ ಹಸ್ತವನ್ನೇ ಕತ್ತರಿಸಿದ ಹಾಗೆ. ಕ್ರಾಪ್ ಎಲ್ಲಿ ಬರಬೇಕು ಅಂತ ಕೊಳ್ಳುವವರು ಸರಿಸಬಹುದು, ಆ ಸೌಲಭ್ಯ ಇತ್ತು, ಆದರೆ ಫೋನಿನ ಸಣ್ಣ ಪರದೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ಲದೆ ಸರಿಸಿದರೂ ಒಂದು ಕೈ ಉಳಿದು ಇನ್ನೊಂದು ಇನ್ನೂ ಜಾಸ್ತಿ ಹೋಗುತ್ತದೆ ಅಷ್ಟೇ.

ಅದಕ್ಕೇ ನನ್ನ ನಿಯಮ ಇದು: ಬೆಲೆ ಪಟ್ಟಿಯಲ್ಲಿ 3:2 ಬಿಟ್ಟು ಬೇರೆ ಅಳತೆಯನ್ನು ಪೂರ್ತಿ ತೆಗೆದುಹಾಕಲು ಬಿಡದ ಸೇವೆ ನನಗೆ ಬೇಡ. 4×6, 8×12, 12×18, ಮೂರೇ ಸಾಕು. ಆಯ್ಕೆ ಜಾಸ್ತಿ ಕೊಟ್ಟಷ್ಟೂ ಜನ ಗೊಂದಲಗೊಂಡು ಬಿಟ್ಟು ಹೋಗುತ್ತಾರೆ. ಫೈಲಿನ ಲೆಕ್ಕವೂ ನೋಡಿಕೊಳ್ಳಿ. ಇಂಚಿಗೆ 300 ಪಿಕ್ಸೆಲ್ ಹಿಡಿದರೆ 8×12ಕ್ಕೆ 2400×3600 ಬೇಕು, ಸುಮಾರು ಎಂಟೂವರೆ ಮೆಗಾಪಿಕ್ಸೆಲ್. 12×18ಕ್ಕೆ 3600×5400, ಹತ್ತೊಂಬತ್ತಕ್ಕಿಂತ ಜಾಸ್ತಿ. ಓಟದ ಫೋಟೋವನ್ನು ದೂರದಿಂದ ತೆಗೆದು ಅರ್ಧಕ್ಕೆ ಕ್ರಾಪ್ ಮಾಡಿದ್ದರೆ ಅದಕ್ಕೆ 12×18 ಬೆಲೆ ತೋರಿಸಲೇಬಾರದು.

ಮೂರನೆಯದು ಹುಡುಕುವುದು. ಒಂದು ಕ್ರೀಡಾಕೂಟದಲ್ಲಿ ನಾನು ಸುಮಾರು 1,800 ಫೋಟೋ ತೆಗೆಯುತ್ತೇನೆ, ಆರಿಸಿ 400ಕ್ಕೆ ಇಳಿಸುತ್ತೇನೆ. ಆ 400ರಲ್ಲಿ ಒಬ್ಬ ತಾಯಿಗೆ ಬೇಕಾಗಿರುವುದು ನಾಲ್ಕು. ಆ ನಾಲ್ಕು ಎರಡು ಮೂರು ನಿಮಿಷದಲ್ಲಿ ಸಿಗದಿದ್ದರೆ ಫೋನ್ ಪಕ್ಕಕ್ಕೆ ಇಡುತ್ತಾರೆ. ನಾಳೆ ನೋಡೋಣ ಅಂದವರು ಮತ್ತೆ ಬರುವುದು ಅಪರೂಪ. ನನ್ನ ಅನುಭವದಲ್ಲಿ ಆರ್ಡರಿನ ಮುಕ್ಕಾಲು ಭಾಗ ಮೊದಲ ನಾಲ್ಕು ದಿನದಲ್ಲೇ ಬರುತ್ತದೆ.

ಓಟದ ಸ್ಪರ್ಧೆಯಲ್ಲಿ ಓಟಗಾರರ ಎದೆ ಮೇಲೆ ಬಿಬ್ ನಂಬರ್ ಇರುತ್ತದೆ, ಅದನ್ನು ತಾನೇ ಓದಿ ವಿಂಗಡಿಸುವ ಸಾಫ್ಟ್‌ವೇರ್ ಇವೆ, ಅಲ್ಲಿ ಕೆಲಸ ಸಲೀಸು. ಈಗ ನಮ್ಮಲ್ಲಿ ಜೋರಾಗಿ ನಡೆಯುತ್ತಿರುವುದು ಮುಖ ಗುರುತಿಸುವ ಆ್ಯಪ್‌ಗಳು. ಕ್ವಿಕ್‌ಪಿಕ್, ಸಮಾರೋ ಥರದವು. ಸೆಲ್ಫಿ ಹಾಕಿದರೆ ನಿಮ್ಮ ಫೋಟೋ ಎಲ್ಲ ಎದುರಿಗೆ ಬರುತ್ತವೆ. ಮದುವೆ ಮನೆಯಲ್ಲಿ ಅದನ್ನು ನೋಡಿ ನಾನೇ ಬೆರಗಾದೆ, ಚಿಕ್ಕಪ್ಪಂದಿರು, ಅತ್ತೆಯರು ಎಲ್ಲ ಸಲೀಸಾಗಿ ಬಳಸಿದರು. ದೊಡ್ಡವರ ಕಾರ್ಯಕ್ರಮಕ್ಕೆ ನಾನೂ ಬಳಸುತ್ತೇನೆ.

ಆದರೆ ಶಾಲೆಗೆ ಬೇಡ ಅಂತ ತೀರ್ಮಾನಿಸಿದ್ದೇನೆ. ಕಾರಣ ಎರಡು. ವಾರ್ಷಿಕೋತ್ಸವದಲ್ಲಿ ಮೂವತ್ತು ಮಕ್ಕಳು ಒಂದೇ ಥರದ ಬಟ್ಟೆ, ಒಂದೇ ಥರದ ಬಣ್ಣ ಹಚ್ಚಿಕೊಂಡು ಕುಣಿಯುತ್ತಾರೆ. ದಪ್ಪ ಕಾಡಿಗೆ, ನೆತ್ತಿಚುಟ್ಟಿ, ತಲೆ ತುಂಬ ಹೂವು. ಅಲ್ಲಿ ಯಂತ್ರ ತಪ್ಪುತ್ತದೆ, ಒಂದು ಮಗುವಿನ ಹೆಸರಲ್ಲಿ ಇನ್ನೊಂದು ಮಗು ಬರುತ್ತದೆ. ಎರಡನೆಯದು ಇದಕ್ಕಿಂತ ದೊಡ್ಡದು. ಇವು ಮಕ್ಕಳ ಮುಖಗಳು. ಮಗುವಿನ ಸೆಲ್ಫಿ ಇದ್ದ ಯಾರಾದರೂ ಆ ಮಗುವಿನ ಫೋಟೋ ಎಲ್ಲ ತೆಗೆಯಬಹುದು ಅಂದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳು ಅಂತಲೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ, ಅದೂ ಪರಿಶೀಲಿಸಬಹುದಾದ ಒಪ್ಪಿಗೆ, ಬೇಕು ಅನ್ನುತ್ತದೆ. ಕಾನೂನು ಇರದಿದ್ದರೂ ನನ್ನ ಮಗಳ ಶಾಲೆಯಲ್ಲಿ ಬೇರೆ ಫೋಟೋಗ್ರಾಫರ್ ಹೀಗೆ ಮಾಡಿದ್ದರೆ ನಾನು ಸುಮ್ಮನಿರುತ್ತಿದ್ದೆನಾ?

ಹಾಗಾಗಿ ತರಗತಿಗೊಂದು ಗ್ಯಾಲರಿ, ಗ್ಯಾಲರಿಗೊಂದು ಪಿನ್. 5ನೇ ತರಗತಿ 'ಬಿ' ಅಂದರೆ ಅಲ್ಲಿ ಮೂವತ್ತೈದು ಮಕ್ಕಳ ಫೋಟೋ ಮಾತ್ರ. ಹುಡುಕಲು ಸೆಲ್ಫಿ ಬೇಕಿಲ್ಲ, ಕಣ್ಣು ಸಾಕು. ಇದಕ್ಕೆ ನನಗೆ ಒಂದು ಸಂಜೆ ಜಾಸ್ತಿ ಕೆಲಸ. ಪ್ರತಿ ಸ್ಪರ್ಧೆಗೆ ಮೊದಲು ತರಗತಿ ಬರೆದ ಹಲಗೆಯ ಒಂದು ಫೋಟೋ ತೆಗೆದುಕೊಂಡರೆ ಆ ಕೆಲಸವೂ ಅರ್ಧ ಆಗುತ್ತದೆ. ರಂಗಪ್ರವೇಶಕ್ಕೆ ಬೇರೆ ಕ್ರಮ: ಪುಷ್ಪಾಂಜಲಿ, ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ, ಹೀಗೆ ಒಂದೊಂದು ನೃತ್ಯಕ್ಕೂ ಒಂದು ಗ್ಯಾಲರಿ. ಕೊಳ್ಳುವವರು ಕೇಳುವುದೂ ಹಾಗೇ, 'ಆ ವರ್ಣದಲ್ಲಿ ಕೃಷ್ಣ ಬರ್ತಾನಲ್ಲ, ಆ ಫೋಟೋ' ಅಂತ. ಕಾರ್ಯಕ್ರಮದ ಒಳಗಿನವರು ಹೇಗೆ ನೆನಪಿಟ್ಟುಕೊಳ್ಳುತ್ತಾರೋ ಹಾಗೆ ವಿಂಗಡಿಸಿದರೆ ಸಾಕು.

ಇಲ್ಲೇ ಒಂದು ಕಾನೂನಿನ ಮಾತು ಹೇಳಿಬಿಡುತ್ತೇನೆ, ಸೇವೆ ಆರಿಸುವ ಮುಂಚೆಯೇ ಇದು ಗೊತ್ತಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ನಮ್ಮಿಂದ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಫೋಟೋದ ಹಕ್ಕು ತೆಗೆಸಿದವರದು. ತೆಗೆದವರದಲ್ಲ. ಇದು ನಮ್ಮ ಎಷ್ಟೋ ಜನಕ್ಕೆ ಗೊತ್ತಿಲ್ಲ. ಶಾಲೆ ನಿಮಗೆ ದಿನದ ಸಂಭಾವನೆ ಕೊಟ್ಟಿದ್ದರೆ, ಅದೇ ಫೋಟೋಗಳ ಪ್ರಿಂಟನ್ನು ನೀವು ಪೋಷಕರಿಗೆ ಮಾರಲು ಶಾಲೆಯ ಲಿಖಿತ ಒಪ್ಪಿಗೆ ಬೇಕು. ನಾನು ಈಗ ಒಂದೇ ಪುಟದ ಪತ್ರ ಮಾಡಿಕೊಂಡಿದ್ದೇನೆ, ಕನ್ನಡದಲ್ಲೇ. ಫೋಟೋ ಹಕ್ಕು ಯಾರದು, ಶಾಲೆ ಎಲ್ಲೆಲ್ಲಿ ಬಳಸಬಹುದು, ಪ್ರಿಂಟ್ ಬೆಲೆ ಎಷ್ಟು, ಗ್ಯಾಲರಿ ಎಷ್ಟು ದಿನ ಇರುತ್ತದೆ, ಯಾವ ಮಗುವಿನ ಫೋಟೋ ಬೇಡ ಅಂದರೆ ಎಷ್ಟು ಹೊತ್ತಿನಲ್ಲಿ ತೆಗೆಯುತ್ತೇನೆ. ಮುಖ್ಯೋಪಾಧ್ಯಾಯರು ಓದಿ ಸಹಿ ಹಾಕುತ್ತಾರೆ. ಆಮೇಲೆ ಯಾರಿಗೂ ಮುಜುಗರ ಇಲ್ಲ.

ಆಮೇಲೆ ಒಂದು ಪರೀಕ್ಷೆ ಮಾಡಿದೆ. ನನಗೆ ಜಾಸ್ತಿ ಕಲಿಸಿದ್ದು ಇದೇ. ನಾಲ್ಕು ಸೇವೆಗಳಲ್ಲಿ ಅದೇ ನಲವತ್ತು ಫೋಟೋ ಹಾಕಿ, ನನ್ನ ಅಕ್ಕನಿಗೆ, ಪಕ್ಕದ ಬೇಕರಿಯವರಿಗೆ, ಒಬ್ಬ ಶಾಲಾ ಶಿಕ್ಷಕಿಗೆ ಲಿಂಕ್ ಕೊಟ್ಟೆ. 'ಈ ಮಗುವಿನ ಒಂದು ಫೋಟೋ 8×12 ಆರ್ಡರ್ ಮಾಡಿ' ಅಂತ ಅಷ್ಟೇ ಹೇಳಿ, ಪಕ್ಕದಲ್ಲಿ ಮಾತಾಡದೆ ಕೂತು ನೋಡಿದೆ. ಮಾತಾಡದೆ ಕೂರುವುದು ಕಷ್ಟ. ಆದರೆ ಹಾಗೇ ಕೂರಬೇಕು.

ಮೂವರೂ ಆರ್ಡರ್ ಮುಗಿಸುವ ಮುಂಚೆಯೇ ನಿಂತರು. ಗ್ಯಾಲರಿ ತೆರೆದ ತಕ್ಷಣ ಇಮೇಲ್ ಕೇಳುವ ಪುಟ. ಅಕ್ಕನಿಗೆ ಇಮೇಲ್ ಇದೆ, ಫೋನ್ ಕೊಂಡಾಗ ಅಂಗಡಿಯವರು ಮಾಡಿಕೊಟ್ಟಿದ್ದು, ಅದೇನು ಅಂತ ಅವಳಿಗೆ ನೆನಪಿಲ್ಲ. ಬೇಕರಿಯವರು ಪಾಸ್‌ವರ್ಡ್ ಕೇಳಿದ ಕೂಡಲೇ ಫೋನ್ ನನ್ನ ಕೈಗೆ ಕೊಟ್ಟರು. ಶಿಕ್ಷಕಿ ಖಾತೆ ತೆರೆದರು, ಆದರೆ ಪಾವತಿ ಪುಟದಲ್ಲಿ ಕಾರ್ಡ್ ಮಾತ್ರ ಇದ್ದದ್ದು ನೋಡಿ 'ಇದು ಬೇಡ ಸರ್' ಅಂದರು. ಫೋಟೋ ಚೆನ್ನಾಗಿದೆ, ಬೆಲೆ ಸರಿ ಇದೆ, ಬೇಕು ಅಂತ ಮನಸ್ಸೂ ಇದೆ, ಆದರೂ ವ್ಯಾಪಾರ ಆಗಲಿಲ್ಲ. ಎರಡು ತಿಂಗಳು ನಾನು ಓದಿದ ಹೋಲಿಕೆಯ ಪಟ್ಟಿಗಳಲ್ಲೆಲ್ಲ ಫೋಟೋಗ್ರಾಫರಿಗೆ ಏನು ಸಿಗುತ್ತದೆ ಅಂತ ಇತ್ತು. ಕೊಳ್ಳುವ ಅಮ್ಮ ಏನು ಮಾಡಬೇಕಾಗುತ್ತದೆ ಅಂತ ಎಲ್ಲೂ ಇರಲಿಲ್ಲ.

ಅವತ್ತೇ ತೀರ್ಮಾನ ಆಯಿತು. ಊರಿನ ಮತ್ತು ನಾಡಿನ ಒಳಗಿನ ವ್ಯಾಪಾರಕ್ಕೆ ನನ್ನದೇ ಸಣ್ಣ ಜಾಲತಾಣ, ತಾಣ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಮೇಲೆ ಅಂಗಡಿ ನಡೆಸುವ ವೂಕಾಮರ್ಸ್, ಪಾವತಿಗೆ ರೇಜರ್‌ಪೇ, ಪ್ರಿಂಟಿಗೆ ನಮ್ಮೂರಿನ ಲ್ಯಾಬ್. ವೂಕಾಮರ್ಸ್‌ನಲ್ಲಿ ಖಾತೆ ತೆರೆಯದೆ ಕೊಳ್ಳಲು ಬಿಡಬಹುದು. ಇಮೇಲ್ ಕೇಳುವ ಜಾಗವನ್ನು ಕಡ್ಡಾಯ ಅಲ್ಲದ ಹಾಗೆ ಮಾಡಿಸಿ ಫೋನ್ ನಂಬರ್ ಮಾತ್ರ ಇಟ್ಟೆ. ಗುಂಡಿಗಳ ಮೇಲಿನ ಮಾತನ್ನು ಕನ್ನಡಕ್ಕೆ ಬದಲಿಸಿದೆ, 'ಚೀಲಕ್ಕೆ ಹಾಕಿ', 'ದುಡ್ಡು ಕೊಡಿ', ಅಷ್ಟೇ. ನಾನೂರು ಫೋಟೋವನ್ನು ಒಂದೊಂದಾಗಿ ಹಾಕಬೇಕಿಲ್ಲ, ಫೈಲ್ ಹೆಸರು, ತರಗತಿ, ಬೆಲೆ ಎಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿ ತುಂಬಿ ಸಿಎಸ್‌ವಿ ಮಾಡಿ ಒಮ್ಮೆಗೇ ಏರಿಸಬಹುದು. ಮೊದಲ ಸಲ ಮೂರು ಗಂಟೆ ಹಿಡಿಯಿತು, ಈಗ ನಲವತ್ತು ನಿಮಿಷ.

ಏರಿಸುವುದು ಸಣ್ಣ ಚಿತ್ರ ಮಾತ್ರ, ಉದ್ದದ ಕಡೆ 1200 ಪಿಕ್ಸೆಲ್. ನಾನೂರು ಫೋಟೋ ಸೇರಿದರೂ 100 ಎಂಬಿ ಆಸುಪಾಸು. ಮೂಲ ಫೈಲುಗಳು ಸ್ಟುಡಿಯೋದಲ್ಲೇ ಇರುತ್ತವೆ. ಅವನ್ನೇ ಏರಿಸಿದರೆ ಏನಾಗುತ್ತದೆ ನೋಡಿ: ಒಂದೊಂದು 10 ಎಂಬಿ ಅಂದರೂ ತೆಗೆದ ಅಷ್ಟೂ 1,800 ಫೋಟೋಗೆ 18 ಜಿಬಿ, 20 ಎಂಬಿಪಿಎಸ್ ಅಪ್‌ಲೋಡ್ ಪೂರ್ತಿ ಸಿಕ್ಕರೂ ಎರಡು ಗಂಟೆ, ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವ ಲೆಕ್ಕ ಬೇರೆ. ಆರ್ಡರ್ ಬಂದ ಫೋಟೋವನ್ನು ಮಾತ್ರ ಪೂರ್ತಿ ಸೈಜಿನಲ್ಲಿ, ಎಸ್‌ಆರ್‌ಜಿಬಿ ಬಣ್ಣದಲ್ಲಿ ತೆಗೆದು ಲ್ಯಾಬಿಗೆ ಕೊಡುತ್ತೇನೆ. ಈ ಎಸ್‌ಆರ್‌ಜಿಬಿ ಮರೆಯಬೇಡಿ, ಲ್ಯಾಬಿನ ಯಂತ್ರಕ್ಕೆ ಒಗ್ಗುವ ಬಣ್ಣದ ಲೆಕ್ಕ ಅದು. ಅಡೋಬ್ ಆರ್‌ಜಿಬಿಯಲ್ಲಿ ಕೊಟ್ಟರೆ ಮಿನಿಲ್ಯಾಬ್ ಯಂತ್ರದಲ್ಲಿ ಮೈಬಣ್ಣ ಸತ್ತ ಹಾಗೆ ಬರುತ್ತದೆ. ರಂಗದ ಎಲ್‌ಇಡಿ ನೀಲಿ, ನೇರಳೆ ಬೆಳಕಿನ ಫೋಟೋ ಇದ್ದರೆ ಒಂದು 4×6 ಪರೀಕ್ಷೆಗೆ ತೆಗೆಸಿ ನೋಡಿಯೇ ದೊಡ್ಡದು ಮಾಡಿಸುತ್ತೇನೆ, ಪರದೆ ಮೇಲೆ ಹೊಳೆಯುವ ಆ ನೀಲಿ ಕಾಗದದ ಮೇಲೆ ಹಾಗೇ ಬರುವುದಿಲ್ಲ.

ಜಾಲತಾಣದ ಫೋಟೋ ಮೇಲೆ ನನ್ನ ಹೆಸರಿನ ಗುರುತು ಹಾಕುತ್ತೇನೆ, ಆದರೆ ಮುಖದ ಮೇಲೆ ಅಲ್ಲ. ಮುಖವೇ ಕಾಣದಿದ್ದರೆ ಯಾಕೆ ಕೊಳ್ಳುತ್ತಾರೆ? ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕುತ್ತಾರೆ, ಹಾಕಲಿ. ಅಲ್ಲಿ ನೋಡಿ ಅಜ್ಜಿ ಪ್ರಿಂಟ್ ಕೇಳಿದ್ದು ಎಷ್ಟೋ ಸಲ ಆಗಿದೆ.

ರೇಜರ್‌ಪೇ ಬೆಂಗಳೂರಿನ ಕಂಪನಿ. ಅದರ ಸಾಮಾನ್ಯ ದರ ಶೇಕಡ 2, ಅದರ ಮೇಲೆ ಜಿಎಸ್‌ಟಿ 18, ಒಟ್ಟು ಶೇಕಡ 2.36. 250 ರೂಪಾಯಿಯ ಪ್ರಿಂಟಿಗೆ 5 ರೂಪಾಯಿ 90 ಪೈಸೆ. ಸೀದಾ ನನ್ನ ಯುಪಿಐ ಐಡಿಗೆ ಹಾಕಿಸಿಕೊಂಡರೆ ಇದೂ ಉಳಿಯುತ್ತದೆ ಅಂತ ಗೆಳೆಯ ಹೇಳಿದ. ನಿಜ. ಆದರೆ ಆಗ ಯಾವ ದುಡ್ಡು ಯಾವ ಆರ್ಡರಿನದು ಅಂತ ರಾತ್ರಿ ಕೂತು ತಾಳೆ ನೋಡಬೇಕು, ಹಳೇ ನೋಟ್‌ಬುಕ್ಕಿನ ಕಥೆಯೇ ಮತ್ತೆ. ಆರು ರೂಪಾಯಿಗೆ ಆ ತಲೆನೋವು ತಪ್ಪುತ್ತದೆ ಅಂದರೆ ನನಗೆ ಅಗ್ಗ.

ಸ್ವಂತ ಜಾಲತಾಣದಲ್ಲಿ ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಹೋಸ್ಟಿಂಗ್, ಬ್ಯಾಕಪ್, ಪ್ಲಗಿನ್ ಅಪ್‌ಡೇಟ್ ಎಲ್ಲ ನಮ್ಮ ತಲೆ ಮೇಲೆ. ಅಪ್‌ಡೇಟ್ ಬಿಟ್ಟರೆ ಕಳ್ಳರು ನುಗ್ಗುತ್ತಾರೆ. ನನಗೆ ಇದನ್ನು ನೋಡಿಕೊಳ್ಳುವ ಒಬ್ಬ ಹುಡುಗ ಇದ್ದಾನೆ, ತಿಂಗಳಿಗೆ ಇಷ್ಟು ಅಂತ ಕೊಡುತ್ತೇನೆ. ಅಂಥವರು ಸಿಗದಿದ್ದರೆ, ನಮ್ಮದೇ ಲ್ಯಾಬಿನಲ್ಲಿ ಪ್ರಿಂಟ್ ಮಾಡಿಸಲು ಬಿಡುವ, ಯುಪಿಐ ತಗೊಳ್ಳುವ ಸಿದ್ಧ ಸೇವೆಯೇ ಒಳ್ಳೆಯದು. ಈ ಎರಡು ಇಲ್ಲದ ಸೇವೆಯನ್ನು ಮಾತ್ರ, ಎಷ್ಟೇ ಚೆಂದ ಇದ್ದರೂ, ಇಲ್ಲಿನ ವ್ಯಾಪಾರಕ್ಕೆ ತಗೊಳ್ಳಬೇಡಿ.

ಹಾಗಂತ ಹೊರದೇಶದ ಸೇವೆಯನ್ನು ಪೂರ್ತಿ ಬಿಟ್ಟಿಲ್ಲ. ರಂಗಪ್ರವೇಶಗಳಿಗೆ ಸ್ಮಗ್‌ಮಗ್ ಇಟ್ಟುಕೊಂಡಿದ್ದೇನೆ. ಹುಡುಗಿಯ ದೊಡ್ಡಮ್ಮ ನ್ಯೂ ಜೆರ್ಸಿಯಲ್ಲಿ, ಮಾವ ಲಂಡನ್ನಿನಲ್ಲಿ. ಇಲ್ಲಿಂದ 12×18 ಪ್ರಿಂಟ್ ಕೊಳವೆಯಲ್ಲಿ ಸುತ್ತಿ ಕಳಿಸಿದರೆ ಅಂಚೆ ಖರ್ಚು ಪ್ರಿಂಟಿನ ಬೆಲೆಗಿಂತ ಜಾಸ್ತಿ, ಮಡಿಕೆ ಬೀಳುವ ಭಯ ಬೇರೆ. ಅದೇ ಅಲ್ಲಿನ ಲ್ಯಾಬಿನಲ್ಲಿ ಪ್ರಿಂಟ್ ಆಗಿ ಅಲ್ಲಿನ ಮನೆಗೇ ಹೋದರೆ ಕೆಲಸ ಮುಗಿಯಿತು. ಅವರು ಕಾರ್ಡಿನಲ್ಲಿ ಡಾಲರ್ ಕೊಡುತ್ತಾರೆ, ಅವರಿಗೆ ಅದೇ ಸಲೀಸು. ಅಲ್ಲಿಯ ಪಟ್ಟಿಯಲ್ಲೂ 8×10 ತೆಗೆದು 8×12 ಮಾತ್ರ ಉಳಿಸಿದ್ದೇನೆ. ಹೋದ ಸಲ ಆ ದೊಡ್ಡಮ್ಮ ಗೋಡೆಗೆ ಹಾಕಿದ ಪ್ರಿಂಟಿನ ಫೋಟೋ ತೆಗೆದು ಕಳಿಸಿದ್ದರು. ಹತ್ತೂ ಬೆರಳು ಇದ್ದವು.

ಪ್ರಿಂಟ್ ತಲುಪಿಸುವುದು ಶಾಲೆಯ ಮೂಲಕವೇ. ಹೆಸರು, ತರಗತಿ ಬರೆದ ಕವರಿನಲ್ಲಿ ಹಾಕಿ, ಎರಡು ರಟ್ಟಿನ ನಡುವೆ ಇಟ್ಟು, ಹತ್ತನೇ ದಿನ ಕ್ಲಾಸ್ ಟೀಚರಿಗೆ ಕೊಡುತ್ತೇನೆ. ಹೊರ ಊರಿಗೆ ಸ್ಪೀಡ್ ಪೋಸ್ಟ್. ಗ್ಯಾಲರಿ 30 ದಿನ ಇರುತ್ತದೆ, ಆಮೇಲೆ ಮಕ್ಕಳ ಫೋಟೋ ಎಲ್ಲ ಸರ್ವರಿನಿಂದ ಅಳಿಸುತ್ತೇನೆ.

ಮುಂದಿನ ಶನಿವಾರ ಒಂದು ಸರ್ಕಾರಿ ಶಾಲೆಯ ಕ್ರೀಡಾಕೂಟ ಇದೆ. ಕ್ಯೂಆರ್ ಕೋಡ್, ತರಗತಿಯ ಪಿನ್ ಇರುವ ಚೀಟಿ 300 ಪ್ರಿಂಟ್ ಆಗಿ ಬಂದಿವೆ. ಆದರೆ ಆ ಶಾಲೆಯ ಎಷ್ಟೋ ಮನೆಗಳಲ್ಲಿ ಫೋನ್ ಒಂದೇ, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಅದಕ್ಕೆ ಮುಖ್ಯೋಪಾಧ್ಯಾಯರನ್ನು ಕೇಳಿ ನೋಟಿಸ್ ಬೋರ್ಡಿನ ಬೀಗದ ಕೈ ಇಸಕೊಂಡು ಬಂದಿದ್ದೇನೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಹೋಗಿ, ನಂಬರ್ ಹಾಕಿದ ಕಾಂಟ್ಯಾಕ್ಟ್ ಶೀಟ್ ಗಾಜಿನ ಒಳಗೆ ಅಂಟಿಸಿ ಬರಬೇಕು.